ಹೆಸರು, ಹೊತ್ತು, ನಂಬಿಕೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ದೊಡ್ಡ ಸಂಸ್ಥೆಯೊಂದರ ಕಂಪ್ಯೂಟರ್ ವಿಭಾಗವನ್ನು ಕಂಡವರಲ್ಲ. ಕಂಡಿದ್ದರೆ, ಕ್ಲೌಡ್ ಕೆಲಸವನ್ನು ತಾನೇ ನಡೆಸುವ ತಂತ್ರಾಂಶವನ್ನು ಸ್ಥಾಪಿಸಿ ನೋಡು ಎಂಬ ಮಾತನ್ನೂ ಗಾದೆಗೆ ಸೇರಿಸುತ್ತಿದ್ದರು.

ಇಂಥ ತಂತ್ರಾಂಶದ ಕೆಲಸವೇನೋ ಸೊಗಸೇ. ಹಿಂದೆ ಒಂದು ಸರ್ವರ್ ಬೇಕಾದರೆ ಅರ್ಜಿಯು ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಈಗ ಪಟ್ಟಿಯಲ್ಲಿ ಬೇಕಾದುದನ್ನು ಆರಿಸಿ, ಮೇಲಿನವರ ಒಪ್ಪಿಗೆ ಪಡೆದರೆ ಸರ್ವರ್ ತಾನಾಗಿ ಸಿದ್ಧವಾಗುತ್ತದೆ. ಕ್ರೆಡಿಟ್ ಸ್ವಿಸ್ ಬ್ಯಾಂಕು ತನ್ನ ಅಗತ್ಯಕ್ಕೆಂದು ಕಟ್ಟಿಕೊಂಡಿದ್ದ ಅಂಥದೊಂದು ಸಾಧನವು 2008ರಲ್ಲಿ ಡೈನಮಿಕ್‌ಆಪ್ಸ್ ಎಂಬ ಬೇರೆ ಸಂಸ್ಥೆಯಾಯಿತು. 2012ರಲ್ಲಿ ಅದನ್ನು ವಿಎಂವೇರ್ ಕೊಂಡಿತು. 2014ರಲ್ಲಿ ವಿರಿಯಲೈಜ್ ಆಟೊಮೇಷನ್ ಎಂದು ಹೆಸರಾಯಿತು.

ಆದರೆ ಅದನ್ನು ಸ್ಥಾಪಿಸಹೊರಟ ಎಂಜಿನಿಯರು ಮೊದಲು ಹಿಡಿಯಬೇಕಾದುದು ಕಾಗದ ಪೆನ್ಸಿಲುಗಳನ್ನು. ಮೊದಲ ಸಾಲು ಹೆಸರಿನದು. ಹೆಸರು ಹೇಳಿದರೆ ಯಂತ್ರದ ವಿಳಾಸ ದೊರೆಯಬೇಕು. ವಿಳಾಸ ಹೇಳಿದರೆ ಅದೇ ಹೆಸರು ಮರಳಿ ಬರಬೇಕು. ಕೂಸಿಗಿಟ್ಟ ಹೆಸರನ್ನು ಅಜ್ಜಿ ಮರುದಿನವೇ ಮರೆತು ಬೇರೊಂದರಿಂದ ಕರೆದಾಳು. ಇಲ್ಲಿ ಹೆಸರು ಸರ್ಟಿಫಿಕೇಟಿನೊಳಗೂ ಹೊಕ್ಕು ಕುಳಿತಿರುತ್ತದೆ.

ಎರಡನೆಯದು ಹೊತ್ತು. ಎಲ್ಲ ಯಂತ್ರಗಳ ಗಡಿಯಾರಗಳೂ ಒಂದೇ ಮಾತನಾಡಬೇಕು. ವಿಂಡೋಸ್ ಜಾಲದಲ್ಲಿ ಗುರುತು ಪರೀಕ್ಷಿಸುವ ಕರ್ಬರೋಸ್ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸವನ್ನಷ್ಟೇ ಸಹಿಸುತ್ತದೆ. ಅದನ್ನು ಮೀರಿದರೆ ಮನೆಯ ಯಜಮಾನನೂ ಬಾಗಿಲ ಹೊರಗೆ!

ಮೂರನೆಯದು ನಂಬಿಕೆ. ತಂತ್ರಾಂಶಕ್ಕೆ ಎಷ್ಟು ಅಧಿಕಾರ ಕೊಡಬೇಕು? ಹೊಸದಾಗಿ ಬಂದವನ ಕೈಗೆ ಉಗ್ರಾಣದ ಕೀಲಿಗೊಂಚಲನ್ನೇ ಒಪ್ಪಿಸುವವರುಂಟೆ? ಯಂತ್ರಗಳಲ್ಲಿಯೂ ಪರಸ್ಪರ ನಂಬಿಕೆ ಅಷ್ಟಕ್ಕಷ್ಟೇ. 2019ರಲ್ಲಿ ಬಂದ 8ನೆಯ ಆವೃತ್ತಿಯನ್ನು ಒಂದು ಯಂತ್ರದ ಮೇಲೆ ನಿಲ್ಲಿಸಬಹುದಿತ್ತು, ಇಲ್ಲವೆ ಮೂರರ ಮೇಲೆ, ಎರಡರ ಮೇಲಲ್ಲ. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತವೆಲ್ಲಿಂದ ಬರಬೇಕು?

ಇವೆಲ್ಲ ಕಾಗದಕ್ಕಿಳಿಯುವಂಥವು. ಇಳಿಯದುದು ಒಂದುಂಟು. ಮೂಲೆಯ ಮೇಜಿನಲ್ಲಿ, ವರ್ಷಗಳಿಂದ ತನ್ನ ಕೈಯಾರೆ ಸರ್ವರುಗಳನ್ನು ಕಟ್ಟಿಕೊಡುತ್ತಿದ್ದವನೊಬ್ಬ ಕುಳಿತಿರುತ್ತಾನೆ. ಲೆಕ್ಕಪತ್ರದ ಸರ್ವರನ್ನು ತಿಂಗಳ ಕೊನೆಯಲ್ಲಿ ಏಕೆ ಮುಟ್ಟಬಾರದು, ಯಾವ ಇಲಾಖೆಯ ಅರ್ಜಿಯನ್ನು ಎರಡು ಬಾರಿ ಓದಬೇಕು ಎಂಬುದೆಲ್ಲ ಅವನ ತಲೆಯಲ್ಲಿದೆ. ಅವನನ್ನು ಕೇಳದೆ ಹೂಡಿದ ತಂತ್ರಾಂಶವು ಕೆಲಸ ಮಾಡದಿರುವುದಿಲ್ಲ. ತಪ್ಪನ್ನೇ ಚುರುಕಾಗಿ ಮಾಡುತ್ತದೆ. ಕೈ ತಪ್ಪಿದರೆ ಕೆಡುವುದು ಒಂದು ಸರ್ವರ್. ನಿಯಮ ತಪ್ಪಿದರೆ ನೂರು.

ಆದುದರಿಂದ ಯೋಜಕನು ಅವನ ಪಕ್ಕಕ್ಕೆ ಕುರ್ಚಿಯೆಳೆದು ಕೂರಲೇಬೇಕು. ಅವನು ಬಲ್ಲುದನ್ನೆಲ್ಲ ಹೇಳುತ್ತಾನೆ. ಕಡೆಗೆ ತಾನೂ ಒಂದು ಪ್ರಶ್ನೆ ಕೇಳುತ್ತಾನೆ: "ಇದೆಲ್ಲ ತಾನೇ ನಡೆಯತೊಡಗಿದ ಮೇಲೆ ನನಗೇನು ಕೆಲಸ, ಸ್ವಾಮಿ?"

ಹೆಸರು, ಹೊತ್ತು, ನಂಬಿಕೆಗಳ ಜೊತೆಗೆ ಈ ಪ್ರಶ್ನೆಯ ಉತ್ತರವನ್ನೂ ಯೋಜನೆಯಲ್ಲಿ ಮೊದಲೇ ಬರೆದಿಟ್ಟುಕೊಂಡವನೇ ನಿಜವಾದ ಯೋಜಕ.