ವೀಸಾ ಅರ್ಜಿಯಲ್ಲಿ ಇಲ್ಲದ ಪ್ರಶ್ನೆ

ಪತಿಯೊಂದಿಗೆ ಒಂದೇ ಸೂರಿನಡಿ ಬಾಳುವುದಕ್ಕೆ ಪತ್ನಿಯು ಅರ್ಜಿ ಸಲ್ಲಿಸಿ ಕಾಯಬೇಕಾದ ಕಾಲ ನಮ್ಮದು. 2022ರ ಆರಂಭದಲ್ಲಿ ನನ್ನ ಹಿರಿಯ ಮಗಳ ನಿಕಾಹ್ ನೆರವೇರಿತು. ಹತ್ತೊಂಬತ್ತನೆಯ ದಿನಕ್ಕೆ ಅಳಿಯನ ರಜೆ ಮುಗಿದು ಆತ ಸೌದಿ ಅರೇಬಿಯಾದ ದಮ್ಮಾಮಿಗೆ ಮರಳಿದ. ಮಗಳು ಹುತ್ರಿದುರ್ಗದ ತಪ್ಪಲಿನ ನಮ್ಮ ಮನೆಗೂ ಕುಣಿಗಲ್ಲಿನ ಅತ್ತೆಯ ಮನೆಗೂ ನಡುವೆ ಓಡಾಡುತ್ತಾ ಉಳಿದಳು. ಮುಂದಿನ ಹದಿನಾಲ್ಕು ತಿಂಗಳು ಅವಳ ಕಾಗದಪತ್ರಗಳ ಹಿಂದೆ ತಿರುಗಿದವನು ನಾನು. ನಿವೃತ್ತ ಶಾಲಾ ಶಿಕ್ಷಕನಿಗೆ ಸಮಯಕ್ಕೇನೂ ಕೊರತೆಯಿರಲಿಲ್ಲ. ಆ ಓಡಾಟದಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿರುವುದು, ಇದೇ ದಾರಿಯಲ್ಲಿ ನಿಂತಿರುವ ಮನೆಗಳು ನಮ್ಮಲ್ಲಿ ಬಹಳ ಇವೆ ಎಂಬ ಕಾರಣಕ್ಕೆ.

ನಿಕಾಹ್ ಒಂದು ಕರಾರು. ವಧುವಿನ ಸಮ್ಮತಿ, ವರನ ಸ್ವೀಕಾರ, ಇಬ್ಬರು ಸಾಕ್ಷಿಗಳು ಮತ್ತು ಮಹ್ರ್. ಇಷ್ಟಾದರೆ ಅಲ್ಲಾಹನ ಮುಂದೆಯೂ ಜಮಾಅತಿನ ಮುಂದೆಯೂ ಅವರಿಬ್ಬರು ಪತಿಪತ್ನಿಯರು. ಆದರೆ ವಿದೇಶದ ವೀಸಾ ಅಧಿಕಾರಿಯು ನಮ್ಮ ಮಸೀದಿಯ ಅಂಗಳದಲ್ಲಿ ಕುಳಿತು ಖರ್ಜೂರ ತಿಂದವನಲ್ಲ. ಆತನಿಗೆ ವಿವಾಹವೆಂದರೆ ಸರ್ಕಾರದ ಮುದ್ರೆಯುಳ್ಳ ಒಂದು ಹಾಳೆ. ನಮ್ಮ ಕೈಯಲ್ಲಿದ್ದದ್ದು ಉರ್ದುವಿನ ನಿಕಾಹ್‌ನಾಮ. ಅದನ್ನು ಆಧಾರವಾಗಿಟ್ಟುಕೊಂಡು 1976ರ ಕರ್ನಾಟಕ ವಿವಾಹ ನೋಂದಣಿ ಕಾಯಿದೆಯಡಿ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮದುವೆಯನ್ನು ನೋಂದಾಯಿಸಬೇಕು. ಈ ಕಾಯಿದೆ ಎಲ್ಲ ಧರ್ಮೀಯರಿಗೂ ಅನ್ವಯಿಸುತ್ತದೆ. ಯಾವ ಧರ್ಮದವರದ್ದಾದರೂ ವಿವಾಹ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಮ್ ಕೋರ್ಟ್ 2006ರಲ್ಲೇ ಹೇಳಿತ್ತು. ಆದರೂ ನಮ್ಮಲ್ಲಿ ಅನೇಕರು ‘ನಿಕಾಹ್‌ನಾಮ ಇದೆಯಲ್ಲ, ಮತ್ತೇನು ಬೇಕು?’ ಎಂದು ಸುಮ್ಮನಿರುತ್ತಾರೆ. ವೀಸಾದ ಮಾತು ಬಂದಾಗಲೇ ಅವರಿಗೆ ನೋಂದಣಿಯ ನೆನಪಾಗುವುದು.

ಈ ವಿಷಯದಲ್ಲಿ ಆಮೇಲೆ ಒಂದು ಗೊಂದಲವೂ ಸೇರಿಕೊಂಡಿತು. ಮುಸ್ಲಿಮ್ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ವಕ್ಫ್ ಮಂಡಳಿಗೆ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಹೊರದೇಶಕ್ಕೆ ಹೋಗಬೇಕಾದ ಹೆಣ್ಣುಮಕ್ಕಳ ತಂದೆತಾಯಿಯರಿಗೆ ನನ್ನ ಸಲಹೆ ಇಷ್ಟೇ: ನಿಕಾಹ್ ನಡೆದ ವಾರದೊಳಗೇ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಬನ್ನಿ. ಹುಡುಗ ಊರಿನಲ್ಲಿರುವಾಗಲೇ ಇದು ಮುಗಿಯಬೇಕು. ಆತನಿಲ್ಲದೆ ಈ ಕೆಲಸ ಆಗದು.

ಕಾಗದದ ಇನ್ನೊಂದು ತೊಡಕು ಹೆಸರಿನದು. ನನ್ನ ಮಗಳು ಶಾಲೆಯ ದಾಖಲೆಯಲ್ಲಿ ‘ಬಾನು’, ನಿಕಾಹ್‌ನಾಮದಲ್ಲಿ ‘ಬೇಗಂ’, ಆಧಾರಿನಲ್ಲಿ ಎರಡೂ ಅಲ್ಲ. ನಮ್ಮ ಸಂಪ್ರದಾಯದಲ್ಲಿ ಇವೆಲ್ಲ ಪ್ರೀತಿಯ, ಗೌರವದ ಬಾಲಗಳು. ಕರೆಯುವವರ ಬಾಯಿಗೆ ಬಂದಂತೆ ಬದಲಾಗುತ್ತವೆ. ಕಂಪ್ಯೂಟರಿಗೆ ಮಾತ್ರ ಅವರು ಮೂವರು ಬೇರೆ ಬೇರೆ ಹೆಂಗಸರು! ಒಂದು ಕಚೇರಿಯ ಗುಮಾಸ್ತರು ಅರ್ಜಿಯನ್ನು ಎರಡು ಬಾರಿ ಹಿಂದಿರುಗಿಸಿದರು. ಮೂರನೆಯ ಬಾರಿ ಅಫಿಡವಿಟ್ ಇಟ್ಟ ಮೇಲೆ ಸ್ವೀಕರಿಸಿದರು. ಇಮಾಮರು ನಿಕಾಹ್ ಬರೆಯುವ ಮುನ್ನ ಪಾಸ್‌ಪೋರ್ಟನ್ನೋ ಆಧಾರನ್ನೋ ಮುಂದಿಟ್ಟುಕೊಂಡು ಅದರಲ್ಲಿರುವ ಅಕ್ಷರಗಳನ್ನೇ ನಕಲು ಮಾಡಿದರೆ ಸಾಕು, ಈ ತಾಪತ್ರಯವಿಲ್ಲ.

ನಮ್ಮೂರಿನ ಬೆಟ್ಟದ ಮೇಲಿರುವುದು ಕೆಂಪೇಗೌಡರ ಕಾಲದ ಕೋಟೆ, ನವದುರ್ಗಗಳಲ್ಲೊಂದು. ಹತ್ತುವವನು ಒಂದು ಬಾಗಿಲು ದಾಟಿ ಉಸಿರುಬಿಟ್ಟರೆ ಎದುರಿಗೆ ಇನ್ನೊಂದು ಬಾಗಿಲು. ಮುದ್ರೆಗಳ ಕಥೆಯೂ ಹಾಗೆಯೇ. ನೋಂದಣಿಯ ಬಳಿಕ ರಾಜ್ಯ ಸರ್ಕಾರದ ದೃಢೀಕರಣ, ಅದಾದ ಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಸೌದಿ ರಾಯಭಾರ ಕಚೇರಿ. ನಾವು ಎರಡನೆಯ ಬಾಗಿಲಲ್ಲಿ ನಿಂತಿದ್ದಾಗ ಕೊನೆಯದು ತಾನಾಗಿಯೇ ತೆರೆದುಕೊಂಡಿತು, ಅಲ್‌ಹಮ್ದುಲಿಲ್ಲಾಹ್. 1961ರ ಹೇಗ್ ಒಪ್ಪಂದದ ‘ಅಪಾಸ್ಟಿಲ್’ ವ್ಯವಸ್ಥೆ ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್ 7ರಿಂದ ಜಾರಿಗೆ ಬಂತು. ಭಾರತ 2005ರಿಂದಲೇ ಅದರಲ್ಲಿದೆ. ಒಮಾನ್, ಬಹರೈನ್‌ಗಳೂ ಮೊದಲೇ ಸೇರಿದ್ದವು. ಈ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಒಂದಿದ್ದರೆ ರಾಯಭಾರ ಕಚೇರಿಯ ಮುದ್ರೆ ಬೇಕಿಲ್ಲ. ಯುಎಇ ಮತ್ತು ಕುವೈತಿಗೆ ಹೋಗುವವರಿಗೆ ಹಳೆಯ ಕ್ರಮವೇ. ಅಪಾಸ್ಟಿಲ್‌ನ ಸರ್ಕಾರಿ ಶುಲ್ಕ 50 ರೂಪಾಯಿ. ಇದು ತಿಳಿಯದಿದ್ದರೆ ದಳ್ಳಾಳಿಗಳು ಕೇಳುವ ಸಾವಿರಗಳು ನ್ಯಾಯವೆಂದೇ ತೋರುತ್ತವೆ.

ಇತ್ತ ಇಷ್ಟಾದರೆ ಅತ್ತ ಅಳಿಯನ ಇಖಾಮಾದಲ್ಲಿ ಬೇರೆಯೇ ಸಮಸ್ಯೆ. ಆತ ಹವಾನಿಯಂತ್ರಣ ಯಂತ್ರಗಳ ತಂತ್ರಜ್ಞ. ಆದರೆ ಇಖಾಮಾದಲ್ಲಿ ಬರೆದಿದ್ದ ಉದ್ಯೋಗ ‘ಆಮಿಲ್’, ಅಂದರೆ ಕೂಲಿ. ಕೂಲಿಯೆಂದು ಬರೆದವನಿಗೆ ಕುಟುಂಬದ ಖಾಯಂ ವೀಸಾ ಸಿಗದು. ಉದ್ಯೋಗದ ಹೆಸರನ್ನು ಬದಲಿಸಲು ಮಾಲೀಕನ ಒಪ್ಪಿಗೆ ಬೇಕು, ಅದಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕು. ಅದು ಆದರೂ ಖರ್ಚು ಮುಗಿಯಲಿಲ್ಲ. 2017ರ ಜುಲೈಯಲ್ಲಿ ಸೌದಿ ಸರ್ಕಾರ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ವರ್ಷಕ್ಕೆ ನೂರರಂತೆ ಏರುತ್ತಾ 2020ರಲ್ಲಿ ಅದು 400 ಆಯಿತು. ಪತ್ನಿಯೊಬ್ಬಳಿಗೆ ವರ್ಷಕ್ಕೆ 4800 ರಿಯಾಲ್, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿಗೂ ಮೇಲೆ. ಎರಡು ಮಕ್ಕಳಿದ್ದವರ ಪಾಡು ಏನೆಂದು ನೀವೇ ಗುಣಿಸಿ ನೋಡಿ. ಈ ಶುಲ್ಕ ಬಂದ ಮೇಲೆ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ, ತಾವು ಮತ್ತೆ ಸ್ನೇಹಿತರ ಕೋಣೆ ಸೇರಿದವರು ಬಹಳ ಜನ.

ಇಲ್ಲಿಯವರೆಗಿನದ್ದು ಕಾಗದ, ಹಣ. ನನ್ನನ್ನು ಹೆಚ್ಚು ಕಾಡಿದ್ದು ಬೇರೆಯದು. ವೀಸಾದ ನಮೂನೆಯಲ್ಲಿ ಪತಿಯ ಉದ್ಯೋಗ ಕೇಳುತ್ತಾರೆ, ಇಖಾಮಾ ಸಂಖ್ಯೆ ಕೇಳುತ್ತಾರೆ. ‘ಈಕೆಗೆ ಹೋಗುವ ಮನಸ್ಸಿದೆಯೇ, ಎಷ್ಟು ಕಾಲದಿಂದ ಕಾದಿದ್ದಾಳೆ?’ ಎಂದು ಕೇಳುವ ಅಂಕಣವಿಲ್ಲ. ಸರ್ಕಾರಗಳು ಕೇಳಬೇಕೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಮನೆಗಳೂ ಕೇಳುವುದಿಲ್ಲವಲ್ಲ!

ನಮ್ಮ ಬೀದಿಯ ಖಾಲಾ ಒಬ್ಬರ ಪತಿ 1984ರಲ್ಲಿ ಜಿದ್ದಾಕ್ಕೆ ಹೋದವರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಇಪ್ಪತ್ತನಾಲ್ಕು ವರ್ಷ ದುಡಿದು ಮರಳಿದರು. ಲೆಕ್ಕ ಹಾಕಿದರೆ ಆ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರಿಬ್ಬರು ಒಟ್ಟಿಗೆ ಕಳೆದದ್ದು ಎರಡು ವರ್ಷ. ಮನೆ ಆರ್‌ಸಿಸಿ ಆಯಿತು, ಮೂವರು ನಾದಿನಿಯರ ಮದುವೆಯಾಯಿತು. ಪತಿಯ ದನಿ ತುಂಬಿ ಬರುತ್ತಿದ್ದ ಕ್ಯಾಸೆಟ್ಟುಗಳನ್ನು ಖಾಲಾ ಇಂದಿಗೂ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದಾರೆ. ಊರಿನವರು ಅವರನ್ನು ‘ಸಬ್ರ್‌ಗೆ ಮಾದರಿ’ ಎಂದು ಹೊಗಳುತ್ತಾರೆ. ಸಬ್ರ್ ದೊಡ್ಡ ಗುಣವೇ. ಆದರೆ ಅದನ್ನು ಒಬ್ಬಳ ಮೇಲೆ ಹೊರಿಸಿ ಉಳಿದವರು ನಿಶ್ಚಿಂತರಾಗಿರುವುದಕ್ಕೆ ಧರ್ಮದಲ್ಲಿ ಬೇರೆ ಹೆಸರಿರಬೇಕು.

ಹಝ್ರತ್ ಉಮರ್(ರ) ಅವರು ಖಲೀಫರಾಗಿದ್ದಾಗ ಒಂದು ರಾತ್ರಿ ಮದೀನಾದ ಬೀದಿಯಲ್ಲಿ ಗಸ್ತು ತಿರುಗುತ್ತಿದ್ದರು. ಯುದ್ಧಭೂಮಿಗೆ ಹೋದ ಪತಿಯ ಅಗಲಿಕೆಯನ್ನು ಮನೆಯೊಳಗೆ ಒಬ್ಬಳು ಹಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿತ್ತು. ಅವರು ಸೇನಾಪತಿಗಳನ್ನು ಕೇಳಲಿಲ್ಲ. ನೇರವಾಗಿ ತಮ್ಮ ಮಗಳು ಹಫ್ಸಾ(ರ) ಬಳಿಗೆ ಹೋಗಿ, ಹೆಣ್ಣೊಬ್ಬಳು ಪತಿಯಿಲ್ಲದೆ ಎಷ್ಟು ಕಾಲ ತಾಳಬಲ್ಲಳೆಂದು ವಿಚಾರಿಸಿದರು. ತಂದೆಗೂ ಮಗಳಿಗೂ ಸಂಕೋಚದ ಪ್ರಶ್ನೆಯದು. ನಾಲ್ಕು ತಿಂಗಳು ಎಂದು ಕೆಲವು ವರದಿಗಳಲ್ಲಿ, ಆರು ತಿಂಗಳು ಎಂದು ಇನ್ನು ಕೆಲವದರಲ್ಲಿ ಇದೆ. ಅದಕ್ಕಿಂತ ಹೆಚ್ಚು ಕಾಲ ವಿವಾಹಿತ ಸೈನಿಕರನ್ನು ಹೊರಗಿರಿಸಬಾರದೆಂದು ಖಲೀಫರು ಆಜ್ಞೆ ಕಳುಹಿಸಿದರು. ಒಂದು ಸಾಮ್ರಾಜ್ಯದ ರಜೆಯ ನಿಯಮವನ್ನು ನಿರ್ಧರಿಸಿದ್ದು ಒಬ್ಬ ಹೆಣ್ಣಿನ ಉತ್ತರ.

ಉಮ್ಮು ಸಲಮಾ(ರ) ಅವರದ್ದೂ ನೆನಪಾಗುತ್ತದೆ. ಪತಿ ಮದೀನಾಕ್ಕೆ ಹಿಜ್‌ರತ್ ಹೊರಟಾಗ ತವರಿನವರು ಆಕೆಯನ್ನು ತಡೆದರು, ಪತಿಯ ಬಳಗದವರು ಮಗುವನ್ನು ಎಳೆದೊಯ್ದರು. ಸುಮಾರು ಒಂದು ವರ್ಷ ಆಕೆ ದಿನವೂ ಮಕ್ಕಾದ ಅಬ್ತಹ್‌ಗೆ ಹೋಗಿ ಕುಳಿತು ಸಂಜೆಯವರೆಗೆ ಅಳುತ್ತಿದ್ದರು. ಕೊನೆಗೆ ಬಂಧುವೊಬ್ಬರ ಮನ ಕರಗಿ ಅನುಮತಿ ದೊರೆಯಿತು. ಮಗುವನ್ನು ಎತ್ತಿಕೊಂಡು ಒಂಟಿಯಾಗಿ ಒಂಟೆಯೇರಿ ಹೊರಟ ಆಕೆಯನ್ನು ತನ್‌ಈಮ್‌ನಲ್ಲಿ ಕಂಡ ಉಸ್ಮಾನ್ ಬಿನ್ ತಲ್ಹಾ, ಆಗಿನ್ನೂ ಇಸ್ಲಾಮ್ ಸ್ವೀಕರಿಸದವರು, ಕುಬಾದವರೆಗೂ ಒಂಟೆಯ ಹಗ್ಗ ಹಿಡಿದು ನಡೆದರು. ಪತಿಯ ಬಳಿಗೆ ಹೋಗುವ ಹೆಣ್ಣಿಗೆ ದಾರಿ ಮಾಡಿಕೊಡುವುದನ್ನು ಅವರು ಉಪಕಾರವೆಂದು ಎಣಿಸಿದಂತೆ ಕಾಣುವುದಿಲ್ಲ, ಮರ್ಯಾದೆಯ ಕೆಲಸವೆಂದೇ ಎಣಿಸಿದ್ದರು.

ಕುಣಿಗಲ್ಲಿನ ಬೀಗರ ಮನೆಯಲ್ಲಿ ಹಿರಿಯರೆಲ್ಲ ಸೇರಿದ್ದ ದಿನ ಮಾತು ಇದೇ ಸುತ್ತ ತಿರುಗಿತು. “ಮಗ ಹೊರಗೆ, ಸೊಸೆಯೂ ಹೋದರೆ ನಮ್ಮನ್ನು ನೋಡುವವರು ಯಾರು?” ಎಂದರು ಬೀಗರು. ಅವರಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿರಲಿಲ್ಲ. ಸುಳ್ಳು ಕೊರಗಲ್ಲ ಅದು. ಅತ್ತೆ ಮಾವಂದಿರ ಸೇವೆ ಸೊಸೆಗೆ ಪುಣ್ಯದ ಕೆಲಸ. ಆದರೆ ತಂದೆತಾಯಿಯರ ಹೊಣೆ ಮೊದಲು ಮಕ್ಕಳದ್ದು ಎಂಬುದನ್ನು ಆ ಸಭೆಯಲ್ಲಿ ಹೇಳುವುದು ಹೆಣ್ಣಿನ ತಂದೆಯಾದ ನನಗೆ ಸುಲಭವಿರಲಿಲ್ಲ. ಹೇಳಿದೆ. ಬಳಿಕ ಬಾಗಿಲ ಬಳಿ ನಿಂತಿದ್ದ ಮಗಳ ಕಡೆ ತಿರುಗಿ, “ನಿನ್ನ ಮನಸ್ಸಿನಲ್ಲಿ ಏನಿದೆ ಬೇಟಿ?” ಎಂದೆ.

ಅವಳ ಉತ್ತರ ನಾನು ಊಹಿಸಿದ್ದಲ್ಲ. “ಹೋಗುತ್ತೇನೆ ಅಬ್ಬಾ. ಆದರೆ ಈಗಲೇ ಅಲ್ಲ. ಬಿ.ಎಡ್. ಕೊನೆಯ ಪರೀಕ್ಷೆ ಬರೆದು ಹೋಗುತ್ತೇನೆ. ಅಲ್ಲಿಯವರೆಗೆ ಮಾವನವರ ಕಾಲಿನ ಡ್ರೆಸ್ಸಿಂಗ್ ನಾನೇ ಮಾಡುತ್ತೇನೆ. ಆಮೇಲೆ ಯಾರು ಮಾಡುತ್ತಾರೆಂದು ಅವರ ಮಕ್ಕಳು ಈಗಲೇ ತೀರ್ಮಾನಿಸಲಿ” ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೆಂಗಳೂರಿನಲ್ಲಿದ್ದ ಕಿರಿಯ ಮಗ ಕುಣಿಗಲ್ಲಿಗೆ ಬಂದು ನೆಲೆಸಿ ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗಿಬರಲು ಒಪ್ಪಿದ್ದು ಅದೇ ಸಂಜೆ.

2023ರಲ್ಲಿ ಪರೀಕ್ಷೆ ಮುಗಿಸಿ ಅವಳು ಕುಟುಂಬ ಸಂದರ್ಶನ ವೀಸಾದ ಮೇಲೆ ಹೊರಟಳು. ಅದಕ್ಕೆ ಆ ಮಾಸಿಕ ಶುಲ್ಕವಿಲ್ಲ, ಆದರೆ ತೊಂಬತ್ತು ದಿನಕ್ಕೊಮ್ಮೆ ಗಡಿ ದಾಟಿ ಮರಳಬೇಕಿತ್ತು. ಅಲ್‌ಖೋಬರಿನಿಂದ ಬಹರೈನಿಗೆ ಸಮುದ್ರದ ಮೇಲೆ 25 ಕಿಲೋಮೀಟರಿನ ಸೇತುವೆಯಿದೆ. ಇಂತಹ ದಂಪತಿಗಳ ಕಾರುಗಳು ಅಲ್ಲಿ ಸಾಲುಗಟ್ಟಿರುತ್ತಿದ್ದವು ಎಂದು ಅವಳು ಹೇಳುತ್ತಿದ್ದಳು. ಇಖಾಮಾದಲ್ಲಿ ಉದ್ಯೋಗದ ಹೆಸರು ಬದಲಾದ ಮೇಲೆ ಖಾಯಂ ವೀಸಾ ದೊರೆಯಿತು. ಅವಲಂಬಿತರ ಇಖಾಮಾದಲ್ಲಿ ದುಡಿಯಲು ಪ್ರತ್ಯೇಕ ಅನುಮತಿ ಬೇಕಾದ್ದರಿಂದ ಅವಳ ಬಿ.ಎಡ್. ಸದ್ಯ ಪಕ್ಕದ ಮನೆಯ ಮಕ್ಕಳಿಗೆ ಉಪಯೋಗವಾಗುತ್ತಿದೆ.

ಕಿರಿಯ ಮಗಳಿಗೆ ಕಳೆದ ತಿಂಗಳು ಶಾರ್ಜಾದ ಹುಡುಗನೊಬ್ಬನ ಸಂಬಂಧ ಬಂತು. ಮಾತುಕತೆಯ ದಿನ ಹುಡುಗನ ತಾಯಿ ಚಹಾ ಕುಡಿಯುತ್ತಿರುವಾಗ ಅವಳು ತಾನೇ ಮುಂದೆ ಬಂದು ಸಲಾಮ್ ಹೇಳಿ ಕೇಳಿದಳು: “ಪತ್ನಿಯನ್ನು ಕರೆಸಿಕೊಳ್ಳಲು ಅಲ್ಲಿ 4000 ದಿರ್ಹಮ್ ಸಂಬಳ ಬೇಕಂತೆ, ವಸತಿಯಿದ್ದರೆ 3000. ಅವರಿಗೆ ಅಷ್ಟು ಬರುತ್ತದೆಯೇ? ಬರದಿದ್ದರೆ ಎಷ್ಟು ತಿಂಗಳಿಗೊಮ್ಮೆ ಊರಿಗೆ ಬರುತ್ತಾರೆಂದು ನಿಕಾಹ್‌ನಾಮದಲ್ಲಿ ಷರತ್ತಾಗಿ ಬರೆಸಬಹುದೇ?” ಆ ತಾಯಿ ಲೋಟ ಕೆಳಗಿಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. “ನನ್ನ ನಿಕಾಹ್ ವೇಳೆ ಯಾರೂ ಇದನ್ನು ಕೇಳಿರಲಿಲ್ಲ ಅಮ್ಮಾ” ಎಂದ ಅವರು, ಮಗನಿಗೆ ಅಲ್ಲಿಂದಲೇ ಫೋನ್ ಮಾಡಿದರು.