ನಿರಿಗೆಯೊಳಗಿನ ಕಲೆ

ಡಬ್ಲಿನ್ನಿನ ಸೌತ್ ವಿಲಿಯಂ ಬೀದಿಯಲ್ಲಿರುವ ಪವರ್ಸ್‌ಕೋರ್ಟ್ ಟೌನ್‌ಹೌಸ್ ನಮ್ಮಲ್ಲಿ ಅನೇಕರಿಗೆ ಪರಿಚಿತವಾದ ಸ್ಥಳ. ಊರಿನಿಂದ ಬಂದ ಬಂಧುಗಳೊಡನೆ ಗ್ರಾಫ್ಟನ್ ಬೀದಿಯಲ್ಲಿ ಅಡ್ಡಾಡುವಾಗ ಮಳೆ ಹಿಡಿದರೆ ನಾವು ಆಶ್ರಯ ಪಡೆಯುವುದು ಅಲ್ಲಿಯೇ. ವೈಕೌಂಟ್ ಪವರ್ಸ್‌ಕೋರ್ಟ್ ಅವರಿಗಾಗಿ ರಾಬರ್ಟ್ ಮ್ಯಾಕ್ ರೂಪಿಸಿದ ಈ ಮನೆ ಪೂರ್ಣಗೊಂಡದ್ದು 1774ರಲ್ಲಿ. ಅದರ ಒಳಮಾಳಿಗೆಯ ಗಾರೆಯ ಕುಸುರಿಯಲ್ಲಿ ಮೈಕೆಲ್ ಸ್ಟೇಪಲ್ಟನ್ ಅವರ ಕೈಚಳಕವಿದೆ. ಸಿರಿವಂತರ ವಿಲಾಸಕ್ಕೆಂದು ಎದ್ದ ಸೌಧ ಮುಂದೆ ಸರ್ಕಾರಿ ಕಚೇರಿಯಾಯಿತು. 1830ರ ದಶಕದಿಂದ ಸಗಟು ಬಟ್ಟೆ ವ್ಯಾಪಾರಿಗಳ ಮಳಿಗೆಯಾಯಿತು. 1981ರಲ್ಲಿ ಅಂಗಡಿಗಳ ಸಮುಚ್ಚಯವಾಯಿತು. ಇಂದು ಅಲ್ಲಿ ವಸ್ತ್ರವಿನ್ಯಾಸಕರ ಉಡುಪು, ಹಳೆಯ ಒಡವೆ, ಕಾಫಿ ಎಲ್ಲವೂ ಒಂದೇ ಸೂರಿನಡಿ ದೊರೆಯುತ್ತವೆ.

ಅಲ್ಲಿಂದ ಹತ್ತು ನಿಮಿಷ ನಡೆದರೆ ರಾಷ್ಟ್ರೀಯ ಚಿತ್ರಶಾಲೆ. ಅಲ್ಲಿ ಪ್ರವೇಶ ಉಚಿತ. ಚೌಕಟ್ಟಿನೊಳಗಿನ ರೇಷ್ಮೆಯ ಮಡಿಕೆಗಳನ್ನೂ ಕೊರಳ ಪಟ್ಟಿಯ ಲೇಸನ್ನೂ ಕಣ್ತುಂಬ ನೋಡಬಹುದು. ಚಿತ್ರಿಸಿದ ಲೇಸು ಕಲೆಯಾದರೆ, ಹೆಣೆದ ಲೇಸು ಏನು? ಈ ಪ್ರಶ್ನೆಗೆ ಐರ್ಲೆಂಡಿನಲ್ಲಿಯೇ ಒಂದು ಒಳ್ಳೆಯ ಉತ್ತರವಿದೆ. ಅದರ ಹೆಸರು ಸಿಬಿಲ್ ಕಾನೋಲಿ.

1921ರಲ್ಲಿ ವೇಲ್ಸಿನಲ್ಲಿ ಹುಟ್ಟಿ, ಡಬ್ಲಿನ್ನಿನಲ್ಲಿ ನೆಲೆನಿಂತು, 1998ರಲ್ಲಿ ತೀರಿಕೊಂಡ ಈ ವಿನ್ಯಾಸಕಿ ಪ್ಯಾರಿಸ್ಸಿನ ಮಾದರಿಗಳನ್ನು ಅನುಕರಿಸದೆ ತಮ್ಮ ನೆಲದ ಬಟ್ಟೆಗಳತ್ತ ತಿರುಗಿದರು. ಪಶ್ಚಿಮ ಕರಾವಳಿಯ ರೈತ ಹೆಂಗಸರು ಒಳಲಂಗಕ್ಕೆ ಬಳಸುತ್ತಿದ್ದ ಕೆಂಪು ಫ್ಲಾನೆಲ್, ಕ್ಯಾರಿಕ್‌ಮಾಕ್ರಾಸ್ ಲೇಸು, ಕರವಸ್ತ್ರದ ತೆಳು ಲಿನನ್: ಇವೇ ಅವರ ಸಾಮಗ್ರಿ. ಆ ಲಿನನ್ನನ್ನು ಅತಿ ಸಣ್ಣ ನಿರಿಗೆಗಳಾಗಿ ಮಡಿಸಿದರು. ಒಂದು ಗಜದ ನಿರಿಗೆ ಬಟ್ಟೆಗೆ ಒಂಬತ್ತು ಗಜ ಲಿನನ್ ಬೇಕಾಗುತ್ತಿತ್ತು. 1953ರ ಆಗಸ್ಟ್‌ನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಅವರ ಉಡುಪು ಕಾಣಿಸಿಕೊಂಡಿತು. ಆರನ್ ಶಿಕ್ಲರ್ ಬರೆದ, ಶ್ವೇತಭವನದಲ್ಲಿರುವ ಜಾಕ್ವೆಲಿನ್ ಕೆನಡಿಯವರ ಭಾವಚಿತ್ರದಲ್ಲಿ ಅವರು ಧರಿಸಿರುವುದೂ ಕಾನೋಲಿಯವರ ನಿರಿಗೆಯ ಲಿನನ್ನನ್ನೇ. ಅಡುಗೆಮನೆಗೂ ಕರವಸ್ತ್ರಕ್ಕೂ ಮೀಸಲಾಗಿದ್ದ ನೂಲು ಹೀಗೆ ಚಿತ್ರಕಲೆಯೊಳಗೆ ಪ್ರವೇಶಿಸಿತು.

ಹಾದಿ ಮರಳಿಯೂ ಬಂದಿತು. ಹದಿನೆಂಟನೆಯ ಶತಮಾನದಲ್ಲಿ ಡಬ್ಲಿನ್ನಿನ ಗ್ಲಾಸ್‌ನೆವಿನ್‌ನಲ್ಲಿ ಬಹುಕಾಲ ಬಾಳಿದ ಮೇರಿ ಡೆಲಾನಿ ಎಂಬ ಮಹಿಳೆ, ಪತಿಯ ಮರಣಾನಂತರ, ಎಪ್ಪತ್ತು ದಾಟಿದ ಮೇಲೆ, ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿ ಸಾವಿರಕ್ಕೆ ಸಮೀಪದಷ್ಟು ಹೂಗಳನ್ನು ರಚಿಸಿದರು. ಅವು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಎರಡು ಶತಮಾನಗಳ ನಂತರ ಕಾನೋಲಿಯವರು ಆ ಹೂಗಳಿಂದ ಸ್ಫೂರ್ತಿ ಪಡೆದು ನ್ಯೂಯಾರ್ಕಿನ ಟಿಫನಿ ಸಂಸ್ಥೆಗಾಗಿ ಪಿಂಗಾಣಿ ಪಾತ್ರೆಗಳನ್ನು ವಿನ್ಯಾಸಗೊಳಿಸಿದರು. ವಿಧವೆಯೊಬ್ಬರ ಮೇಜಿನ ಮೇಲೆ ಅರಳಿದ ಹೂ ಸಂಗ್ರಹಾಲಯ ಸೇರಿ, ಅಲ್ಲಿಂದ ದುಬಾರಿ ಅಂಗಡಿಯ ತಟ್ಟೆಗೆ ಇಳಿಯಿತು. ಇದರಲ್ಲಿ ಕಲೆ ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ನಮಗಂತೂ ಸಾಧ್ಯವಾಗಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟ: ಪ್ರತಿ ಹಂತದಲ್ಲಿಯೂ ಯಾರೋ ಒಬ್ಬರು ಆ ವಸ್ತುವಿನ ಮೂಲವನ್ನು ಬರೆದಿಟ್ಟರು. ಡೆಲಾನಿಯವರು ತಮ್ಮ ಹೂಗಳಿಗೆ ಹೆಸರು ಬರೆದರು. ಕಾನೋಲಿಯವರು ಡೆಲಾನಿಯವರ ಹೆಸರನ್ನು ಉಳಿಸಿದರು.

ನಮ್ಮ ಮನೆಗಳ ಕಪಾಟುಗಳತ್ತ ಈಗ ನೋಡೋಣ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಸೆರಗಿನ ತೋಪು ತೆನೆ ಆ ಊರಿನ ಸಹಿ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು, ಗಂಟು ಹಾಕುವಂತಿಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗಳಂತೂ ನಮ್ಮ ಮದುವೆಗಳ ಸಾಕ್ಷಿಗಳು. ನಿರಿಗೆಯ ವಿದ್ಯೆಯನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕರ್ನಾಟಕದ ಪ್ರತಿಯೊಬ್ಬ ಅಜ್ಜಿಯೂ ಅದನ್ನು ಬೆಳಗಿನ ಜಾವದ ಅರೆಬೆಳಕಿನಲ್ಲಿ ಕನ್ನಡಿಯಿಲ್ಲದೆ ಮಾಡಿದವಳೇ.

ಆದರೂ ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಬ್ರೌನ್ ಥಾಮಸ್ ಮಳಿಗೆಯ ಗಾಜಿನೊಳಗಿನ ಕೈಚೀಲ ಯಾವ ಸಂಸ್ಥೆಯದೆಂದು ದೂರದಿಂದಲೇ ಗುರುತಿಸುತ್ತಾರೆ. ತಾಯಿಯ ಸೀರೆ ಯಾವ ಊರಿನದೆಂದು ಕೇಳಿದರೆ ‘ಇಂಡಿಯನ್’ ಎನ್ನುತ್ತಾರೆ. ಇದು ಅವರ ಅವಜ್ಞೆಯಲ್ಲ. ಕೈಚೀಲದ ಮೇಲೆ ಹೆಸರಿದೆ. ಸೀರೆಯ ಹೆಸರು ಮಾತಿನಲ್ಲಿ ಮಾತ್ರ ಇತ್ತು, ಮತ್ತು ಆ ಮಾತನ್ನು ಆಡುತ್ತಿದ್ದ ಹಿರಿಯರು ಸಮುದ್ರದಾಚೆ ಉಳಿದರು, ಕೆಲವರು ಇಲ್ಲವಾದರು. ಇನ್ನೊಂದು ತಲೆಮಾರು ಕಳೆದರೆ ಆ ಸೀರೆಗಳು ದಾನದ ಅಂಗಡಿಯ ಚೀಲದಲ್ಲಿ ಬರಿಯ ಬಣ್ಣದ ಬಟ್ಟೆಗಳಾಗಿ ಸೇರಿಹೋಗುವ ಸಂಭವ ಉಂಟು. ಲಿಮರಿಕ್ಕಿನ ಹಂಟ್ ಮ್ಯೂಸಿಯಂ ಕಾನೋಲಿಯವರ ಉಡುಪುಗಳನ್ನು ಕಾಪಾಡಿಕೊಂಡು ಬಂದಿದೆ. ನಮ್ಮ ಸೀರೆಗಳಿಗೆ ಅಂಥ ಮನೆ ಇನ್ನೂ ಇಲ್ಲ. ನಾವೇ ಆ ಮನೆಯಾಗಬೇಕು.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಈ ಬಾರಿಯ ರಾಜ್ಯೋತ್ಸವಕ್ಕೆ ಮುನ್ನ ಒಂದು ಸಂಜೆ ಕಪಾಟು ತೆರೆಯೋಣ. ಊರಿಗೆ ದೂರವಾಣಿ ಮಾಡಿ ಕೇಳಿ, ಒಂದೊಂದು ಸೀರೆಗೂ ಒಂದು ಚೀಟಿ ಬರೆಯೋಣ: ಎಲ್ಲಿ ನೇಯ್ದದ್ದು, ಯಾರು ಕೊಂಡದ್ದು, ಯಾವ ಸಂದರ್ಭಕ್ಕೆ, ಯಾವ ವರ್ಷ. ನೇಯ್ದವರ ಹೆಸರು ತಿಳಿದಿದ್ದರೆ ಅದನ್ನೇ ಮೊದಲು ಬರೆಯೋಣ. ಚೀಟಿಯನ್ನು ಮಕ್ಕಳ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು. ಅಕ್ಷರ ತಪ್ಪಿದರೆ ಚಿಂತೆಯಿಲ್ಲ.