ಅಂಚು ಮುರಿದ ರಾಟೆ

ನಾನು ಕನ್ನಡದ ಮೇಷ್ಟ್ರು. ಸಂಧಿ ಬಿಡಿಸು ಎಂದರೆ ಬಿಡಿಸಿಯೇನು. ಎಂಜಿನ್ನಿನ ಬೋಲ್ಟು ಬಿಡಿಸು ಎಂದರೆ ನನ್ನ ಕೈಯಲ್ಲಾಗದು. ಆದರೂ ಕಳೆದ ವರ್ಷ ಒಂದು ಎಂಜಿನ್ನಿನ ವಿಷಯದಲ್ಲಿ ನಾನು ಸಲಹೆ ಕೊಟ್ಟೆ. ಅದು ನಡೆಯಿತು ಕೂಡ. ಮೇಷ್ಟರ ಮಾತಿಗೆ ಮನೆಯಲ್ಲಿ ಬೆಲೆ ಸಿಗುವುದೇ ಅಪರೂಪ. ಸಿಕ್ಕ ದಿನವೇ ಹೀಗಾಗಬೇಕೆ!

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸಂಬಳ ಸಾಧಾರಣ, ಹುಚ್ಚು ಮಾತ್ರ ದುಬಾರಿ. ಹಳೆಯ ಜರ್ಮನ್ ಕಾರೊಂದನ್ನು ಅಗ್ಗಕ್ಕೆ ಕೊಂಡ. ಅಗ್ಗವೇಕೆಂದರೆ ಅದರ ಸೂಪರ್‌ಚಾರ್ಜರ್ ಕೆಟ್ಟು ನಿಂತಿತ್ತು. ಹಾಗೆಂದರೇನಪ್ಪಾ ಎಂದು ಕೇಳಿದೆ.

"ಕಮ್ಮಾರನ ತಿದಿ ಇಲ್ವಾ ಮಾಮ, ಹಾಗೇನೇ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತೆ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲು ಹೆಚ್ಚು ಉರಿಸಬಹುದು."

ಹೋಲಿಕೆ ಸರಿಯಾಗಿಯೇ ಇತ್ತು. ಅಮೆರಿಕದ ಇಂಡಿಯಾನಾದ ರೂಟ್ಸ್ ಎಂಬ ಅಣ್ಣತಮ್ಮಂದಿರು 1860ರಲ್ಲಿ ಪೇಟೆಂಟು ಪಡೆದ ಗಾಳಿಯಂತ್ರ ಮೋಟಾರುಗಳಿಗೆ ಬರುವ ಮುಂಚೆ ಕಬ್ಬಿಣದ ಕುಲುಮೆಗಳಲ್ಲಿ ದುಡಿದಿತ್ತು. ನಮ್ಮ ಹುಡುಗನ ಕಾರಿನದೂ ಅದೇ ಜಾತಿಯದು.

ಈ ತಿದಿಯನ್ನು ಒತ್ತುವುದು ಎಂಜಿನ್ನೇ. ಅದರ ಮುಂದಿನ ತುದಿಯಲ್ಲಿ ಕ್ರ್ಯಾಂಕ್ ಶಾಫ್ಟಿಗೆ ಒಂದು ಪುಲ್ಲಿ. ಪುಲ್ಲಿಯ ಮೇಲೆ ಗೆರೆಗೆರೆಯ ರಬ್ಬರ್ ಬೆಲ್ಟು. ಆ ಒಂದೇ ಬೆಲ್ಟು ಸೂಪರ್‌ಚಾರ್ಜರನ್ನೂ ನೀರಿನ ಪಂಪನ್ನೂ ಸ್ಟಿಯರಿಂಗ್ ಪಂಪನ್ನೂ ಕರೆಂಟು ಕೊಡುವ ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ಅವಿಭಕ್ತ ಕುಟುಂಬದಲ್ಲಿ ದುಡಿಯುವವನು ಒಬ್ಬನೇ ಇದ್ದಂತೆ.

ಶಿವಾಜಿನಗರದ ಗುಜರಿಯಲ್ಲಿ 28,000 ರೂಪಾಯಿಗೆ ಬಳಸಿದ ಸೂಪರ್‌ಚಾರ್ಜರ್ ಸಿಕ್ಕಿತು. ಅದನ್ನು ಕೂರಿಸುವ ದಿನ ನಾನೂ ಗ್ಯಾರೇಜಿಗೆ ಹೋಗಿದ್ದೆ. ಆಗ ಕಂಡಿತು ಪುಲ್ಲಿಯ ಗತಿ. ಹಳೆಯ ಸೂಪರ್‌ಚಾರ್ಜರ್ ಬಿಗಿದುಕೊಂಡಾಗ ಬೆಲ್ಟು ಜಾರಿ ಸುಟ್ಟಿತ್ತು. ಸುತ್ತಿಕೊಂಡ ಚೂರುಗಳನ್ನು ಎಬ್ಬಿಸಲು ಯಾರೋ ಕಬ್ಬಿಣದ ಸಲಾಕೆ ಹಾಕಿ ಮೀಟಿದ್ದರು. ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಕ್ಕೆ ಹಾರಿಹೋಗಿತ್ತು. ಹೊಸದಕ್ಕೆ 11,000. ಹುಡುಗನ ಮುಖ ಚಿಕ್ಕದಾಯಿತು.

ನಾನು ಬಾಯಿ ಹಾಕಿದ್ದು ಇಲ್ಲಿ. ತುರುವೇಕೆರೆ ಕಡೆಯ ನಮ್ಮ ಹಳ್ಳಿಮನೆಯ ಬಾವಿಯ ರಾಟೆಗೂ ಹೀಗೆಯೇ ಅಂಚು ಮುರಿದಿತ್ತು. "ಅದು ಇಪ್ಪತ್ತು ವರ್ಷ ನಡೀತು. ಇದಕ್ಕೇನಾಗುತ್ತೆ? ಅರ ಹಾಕಿ ಉಜ್ಜಿಬಿಡಿ" ಎಂದೆ.

ಗ್ಯಾರೇಜಿನ ಯಜಮಾನರು ವಯಸ್ಸಾದವರು. "ಅಂಚು ಹೋಗ್ಲಿ ಸಾರ್. ಇದು ಒಂದೇ ಗಟ್ಟಿ ಕಬ್ಬಿಣ ಅಲ್ಲ. ನಡುವೆ ಒಂದು, ಹೊರಗೆ ಒಂದು ಬಳೆ, ಎರಡರ ಮಧ್ಯೆ ರಬ್ಬರ್. ಶಾಫ್ಟು ನಡುಗೋದನ್ನ ಆ ರಬ್ಬರ್ ನುಂಗುತ್ತೆ. ಬೆಲ್ಟು ಸುಟ್ಟಾಗ ಅದೂ ಬೆಂದಿರುತ್ತೆ" ಎಂದರು. ನಾನು ಮತ್ತೆ ಬಾವಿಯ ಕಥೆ ಹೇಳಿದೆ. ಗಿರಾಕಿಯ ಮಾವನೊಂದಿಗೆ ಎಷ್ಟೆಂದು ವಾದಿಸುತ್ತಾರೆ? ಅರ ಹಾಕಿದರು. ನಾನು ಬೆರಳಾಡಿಸಿ ನೋಡಿ, ನುಣುಪಾಗಿದೆ ಎಂದು ಸರ್ಟಿಫಿಕೇಟು ಕೊಟ್ಟೆ. ಆ ರಬ್ಬರಿನ ಕಡೆ ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ಭಾನುವಾರ ಅಕ್ಕನನ್ನು ಕೂರಿಸಿಕೊಂಡು ಊರಿಗೆ ಹೊರಟೆವು. ಕುಣಿಗಲ್ ದಾಟಿ ಯಡಿಯೂರಿನ ಕಡೆ ಹೋಗುತ್ತಿರುವಾಗ ಮುಂದಿನ ಲಾರಿಯನ್ನು ಹಿಂದೆ ಹಾಕಲು ಹುಡುಗ ವೇಗ ಹೆಚ್ಚಿಸಿದ. ತಿದಿಯ ಸದ್ದು ಏರಿತು. ಅದರ ಹಿಂದೆಯೇ ಟಪ್ಪೆಂದು ಒಂದು ಏಟು. ಹೊರಗಿನ ಬಳೆ ರಬ್ಬರಿನಿಂದ ಕಳಚಿಕೊಂಡು ಪಕ್ಕಕ್ಕೆ ಸರಿದಿತ್ತು, ಬೆಲ್ಟು ಹಾರಿಹೋಗಿತ್ತು. ಸ್ಟಿಯರಿಂಗ್ ಕಲ್ಲಾಯಿತು. ಎಡಕ್ಕೆ ಲಾರಿ. ಹುಡುಗ ಎರಡೂ ಕೈಯಿಂದ ಚಕ್ರವನ್ನು ಅಮುಕಿ ಹಿಡಿದು, ಲಾರಿಯನ್ನು ಮುಂದೆ ಬಿಟ್ಟು, ಕಾರನ್ನು ಮೆಲ್ಲಗೆ ಎಡದಂಚಿಗೆ ತಂದ. ಬಿಸಿಯ ಮುಳ್ಳು ಏರುತ್ತಿತ್ತು. ತಕ್ಷಣ ಎಂಜಿನ್ ಆರಿಸಿದ. ಹಿಂದೆ ಕೂತಿದ್ದ ಅಕ್ಕ "ಯಾಕೋ ನಿಲ್ಲಿಸಿದೆ, ಟೀ ಕುಡಿಯೋಕಾ?" ಎಂದಳು. ನಾವಿಬ್ಬರೂ ಉತ್ತರ ಕೊಡಲಿಲ್ಲ.

ಕಾರನ್ನು ಎಳೆಯುವ ಗಾಡಿ ಬರುವವರೆಗೆ ಹೊಂಗೆಯ ನೆರಳಿನಲ್ಲಿ ಕೂತೆವು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಿಮಿಷಕ್ಕೆ 3,000 ಸುತ್ತೆಂದರೆ ಸೆಕೆಂಡಿಗೆ 50. ಬಾವಿಯ ರಾಟೆ ಒಂದು ಕೊಡ ಮೇಲೆ ಬರುವಷ್ಟರಲ್ಲಿ ಎಷ್ಟು ಸುತ್ತುತ್ತಿತ್ತು? ಲೆಕ್ಕ ಬರದವನಲ್ಲ ನಾನು. ಗ್ಯಾರೇಜಿನಲ್ಲಿ ಹಾಕಲಿಲ್ಲ, ಅಷ್ಟೆ.

ಮೌನ ಮುರಿಯಲು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ರಾಟೆಯ ಹೆಸರು ಬಂದಾಗ ಅವಳು ನನ್ನನ್ನೇ ನೋಡಿದಳು.

"ಇಪ್ಪತ್ತು ವರ್ಷ ನಡೀತಾ? ಮುರಿದ ಕಡೆ ಹಗ್ಗ ಸಿಕ್ಕಿಕೊಂಡು ಆಗಾಗ ಎಗರೋದು ಕಣೋ. ಅಮ್ಮನ ಬಲಗೈ ಅಂಗೈಲಿ ಗೆರೆ ಇತ್ತಲ್ಲ, ಅದು ಯಾವುದು ಅಂದುಕೊಂಡಿದ್ದೆ? ಹಗ್ಗ ಸುಟ್ಟಿದ್ದು. ನೀನು ಚಿಕ್ಕವನು, ನೀರು ಸೇದಿದವನಲ್ಲ."

ಆ ಗೆರೆ ನನಗೆ ನೆನಪಿತ್ತು. ಅನ್ನ ಕಲಸಿ ಕೈತುತ್ತು ಇಡುವಾಗ ಎಷ್ಟೋ ಸಲ ನೋಡಿದ್ದೆ. ಅದನ್ನು ಆಯುಷ್ಯರೇಖೆಯ ಜೊತೆಗೆ ಹುಟ್ಟಿದ ಮತ್ತೊಂದು ರೇಖೆ ಎಂದುಕೊಂಡಿದ್ದೆ.

ಎಂಜಿನ್ನಿಗೆ ಏನೂ ಆಗಿರಲಿಲ್ಲ. ಗ್ಯಾರೇಜಿನ ಯಜಮಾನರು ಹಳೆಯ ಪುಲ್ಲಿಯನ್ನು ಬಿಚ್ಚಿ ನನ್ನ ಮುಂದಿಟ್ಟರು, ಏನೂ ಹೇಳಲಿಲ್ಲ. ಹೊಸದರ 11,000ವನ್ನು ನಾನು ಕೊಡುತ್ತೇನೆಂದೆ. ಹುಡುಗ ಬೇಡವೆನ್ನಲಿಲ್ಲ.